ರಾಮವ್ವನ ಕೈಯ ವಾಸನೆ

ನಮ್ಮ ನಿಂಬೆ ತೋಟಕ್ಕೆ ಜೇನು ಪೆಟ್ಟಿಗೆ ತಂದವನು ಬೀರಣ್ಣ. ಜೇನು ಸಾಕಿದವಳು ಅವನ ಹೆಂಡತಿ ರಾಮವ್ವ. ಊರಲ್ಲಿ ಯಾರನ್ನು ಕೇಳಿದರೂ ‘ಬೀರಣ್ಣನ ಹುಳ’ ಎನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಪೆಟ್ಟಿಗೆಗಳನ್ನು ಟೆಂಪೋಗೆ ಏರಿಸುವುದು, ತೋಟದವರ ಜೊತೆ ಮಾತು ಮುಗಿಸುವುದು, ಚಹಾದಂಗಡಿಯಲ್ಲಿ ಕೂತು ಜೇನಿನ ಪವಾಡ ಹೇಳುವುದು, ಇವು ಅವನ ಪಾಲಿನ ಕೆಲಸ. ಮುಚ್ಚಳ ತೆಗೆಯುವುದು, ಜೇನುಹುಟ್ಟು ಎತ್ತಿ ರಾಣಿ ಇದ್ದಾಳೋ ಇಲ್ಲವೋ ನೋಡುವುದು, ಇರುವೆ ಹತ್ತದ ಹಾಗೆ ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲಿಡುವುದು, ಹೂವಿಲ್ಲದ ದಿನಗಳಲ್ಲಿ ಸಕ್ಕರೆ ನೀರು ಉಣಿಸುವುದು, ಇವೆಲ್ಲ ಅವಳವು.

ನನ್ನ ಹೆಸರು ಸುನಂದಾ. ಇಂಡಿ ಪಕ್ಕದ ನಮ್ಮೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಊರಿಗೆಲ್ಲ ನಾನು ‘ಅಕ್ಕೋರು’. ಇಷ್ಟು ವರ್ಷ ಮಕ್ಕಳಿಗೆ ಜೇನಿನ ಜೀವನಚಕ್ರ ಹೇಳಿಕೊಟ್ಟಿದ್ದೇನೆ, ಆದರೆ ಒಂದು ಹುಳ ಕಿವಿಯ ಹತ್ತಿರ ಗುಂಯ್ ಎಂದರೆ ಸೆರಗು ತಲೆಗೆ ಹೊದ್ದು ಓಡುವವಳು. ರಾಮವ್ವ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಅಕ್ಕೋರೆ, ಅವು ನಿಮ್ಮ ಹತ್ರ ಪಾಠ ಕಲಿಯಾಕ ಬರತಾವ್ರಿ, ಯಾಕ ಓಡತೀರಿ?” ಎನ್ನುತ್ತಿದ್ದಳು.

ಈ ಗಂಡಹೆಂಡತಿಯ ಊರು ಸಿಂದಗಿ ತಾಲೂಕಿನ ಯಂಕಂಚಿ. ಕುರಿ ಕಾಯುವ ಮನೆತನ. ರಾಮವ್ವನ ತವರು ಮುದ್ದೇಬಿಹಾಳದ ಕಡೆ, ಕೃಷ್ಣೆಯ ದಂಡೆಯ ತಂಗಡಗಿ. ಬೀರಣ್ಣನ ಅಪ್ಪನ ಕಾಲದಲ್ಲಿ ಕುರಿ ಹಿಂಡು ಸುಗ್ಗಿ ಮುಗಿದ ಹೊಲಗಳಲ್ಲಿ ತಂಗುತ್ತ ಬಾಗೇವಾಡಿ ದಾಟಿ ಹೋಗುತ್ತಿತ್ತಂತೆ. ಈಗ ಸುಗ್ಗಿ ಮುಗಿಯುವ ಹೊಲಗಳೇ ಕಡಿಮೆ. ಎಲ್ಲಿ ನೋಡಿದರೂ ಕಬ್ಬು, ನಿಂಬೆ, ತಂತಿ ಬೇಲಿ. ಕುರಿಗೆ ಕಾಲಿಡಲು ಜಾಗವಿಲ್ಲದಂತಾದಾಗ ಗಂಡಹೆಂಡತಿ ಇಬ್ಬರೂ ಜೇನು ಸಾಕಣೆಯ ತರಬೇತಿಗೆ ಹೋದರು. ಬೇಲಿ ಇದ್ದರೂ ಒಳಗೆ ಹೋಗಿ ಮೇಯುವ ಹಿಂಡು ಎಂದು ಬೀರಣ್ಣ ಜಂಬದಿಂದ ಹೇಳುತ್ತಿದ್ದ. ಸೂರ್ಯಕಾಂತಿ ಇದ್ದಾಗ ಬಾಗೇವಾಡಿ ಕಡೆ, ತೊಗರಿ ಹೂವಾದಾಗ ದೇವರ ಹಿಪ್ಪರಗಿ ಕಡೆ, ನಿಂಬೆ ಹೂವಾದಾಗ ನಮ್ಮ ತೋಟ. ಬಂದಾಗೆಲ್ಲ ತೋಟದ ಗುಡಿಸಲಿನಲ್ಲೇ ಅವರ ಸಂಸಾರ.

ರಾಮವ್ವ ಕೈಗವಸು, ಮುಖಪರದೆ ಹಾಕಿಕೊಂಡದ್ದನ್ನು ನಾನು ನೋಡಿಲ್ಲ. ನೀರಿನಿಂದ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, “ಬಂದೇನಿ ನೋಡ್ರೆವ್ವಾ” ಎಂದು ಹೇಳಿಯೇ ಮುಚ್ಚಳ ತೆಗೆಯುವಳು. ಹುಳಗಳು ಮೊಳಕೈವರೆಗೆ ಹತ್ತಿ ಇಳಿದರೂ ಅವಳ ಮಾತು ನಿಲ್ಲುತ್ತಿರಲಿಲ್ಲ. ಎಂದೋ ಒಮ್ಮೆ ಒಂದು ಕಡಿದರೆ, ತಪ್ಪು ತನ್ನದೇ, ಹುಳ ಬೆರಳಿನ ಸಂದಿಯಲ್ಲಿ ಸಿಕ್ಕಿತು ಎಂದು ಉಗುರಿನಿಂದ ಮುಳ್ಳು ಕೆರೆದು ತೆಗೆಯುತ್ತಿದ್ದಳು.

ಬೀರಣ್ಣ ಕೆಟ್ಟ ಮನುಷ್ಯನಲ್ಲ, ಆದರೆ ಬಾಯಿ ಸಡಿಲ. ಚಹಾದಂಗಡಿಯಲ್ಲಿ ನಾಲ್ಕು ಜನ ಸೇರಿದರೆ ಸಾಕು, “ನನ್ನ ಹುಳ ಮೈಲಿಗಿ ಕೈ ಸೇರಂಗಿಲ್ಲರೀ. ಖೋಟಾ ಮನಸ್ಸಿನವ್ರು ಹತ್ರ ಬಂದ್ರ ಬಿಡಂಗಿಲ್ಲ. ನನ್ನ ಹೆಂಡ್ತಿ ಕೈ ನೋಡ್ರಿ ಬೇಕಾದ್ರ” ಎಂದು ಶುರು ಮಾಡುತ್ತಿದ್ದ. ಯಾರಿಗಾದರೂ ಜೇನು ಕಡಿದರೆ ಊರವರು “ಏನ್ ಮಾಡಿ ಬಂದಿದ್ಯೋ?” ಎಂದು ಚೇಷ್ಟೆ ಮಾಡುವುದು ವಾಡಿಕೆಯಾಯಿತು. ಎಲ್ಲರೂ ನಗುತ್ತಿದ್ದರು. ರಾಮವ್ವನೂ ನಗುತ್ತಿದ್ದಳು, ಆ ಹೊಗಳಿಕೆ ಅವಳಿಗೂ ಹಿತವಾಗಿತ್ತು.

ಈ ವರ್ಷದ ಕಾರಹುಣ್ಣಿಮೆ ಬಂತು. ನಮ್ಮ ಕಡೆ ಅದು ಎತ್ತುಗಳ ಹಬ್ಬ. ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ, ಸಂಜೆಗೆ ಕರಿ ಹರಿಯಲು, ಅಂದರೆ ಅಡ್ಡ ಕಟ್ಟಿದ ತೋರಣ ಹರಿಯಲು, ಓಡಿಸುತ್ತಾರೆ. ಎತ್ತಿಲ್ಲದವರಿಗೆ ಆ ದಿನ ಸ್ವಲ್ಪ ಸಪ್ಪೆ. ಬೀರಣ್ಣನಿಗೆ ಅದು ಪ್ರತಿ ವರ್ಷ ಚುಚ್ಚುತ್ತಿತ್ತು. ಈ ಸಲ ಅವನಿಗೆ ಹೊಳೆಯಿತು: ದುಡಿಯುವ ಜೀವಕ್ಕೆ ಹಬ್ಬವಾದರೆ, ತನ್ನ ಮನೆಗೆ ದುಡಿಯುವುದು ಜೇನು. ಕೋಡಿಲ್ಲದಿದ್ದರೆ ಪೆಟ್ಟಿಗೆಗೇ ಬಣ್ಣ ಹಚ್ಚಿದರಾಯಿತು.

ಕುರ್ಚಿ ಮಂಚಕ್ಕೆ ಪಾಲಿಶ್ ಮಾಡುವ ನಬಿಲಾಲ ನಮ್ಮೂರಿನವನೇ. ಉಳಿದ ಕೆಂಪು, ಹಳದಿ ಬಣ್ಣದ ಡಬ್ಬಿಗಳನ್ನೂ, ಗಟ್ಟಿಯಾಗಿದ್ದರೆ ತೆಳು ಮಾಡಿಕೊ ಎಂದು ಒಂದು ಬಾಟಲಿ ತಿನ್ನರನ್ನೂ ಹಬ್ಬದ ಖುಷಿಗೆ ಪುಕ್ಕಟೆ ಕೊಟ್ಟು ಕಳಿಸಿದ. ಬೆಳಿಗ್ಗೆ, ಹುಳಗಳು ಇನ್ನೂ ಹೊರಬೀಳುವ ಮೊದಲೇ, ಗಂಡಹೆಂಡತಿ ಸೇರಿ ಪೆಟ್ಟಿಗೆಗಳ ಹೊರಮೈಗೆ ಪಟ್ಟೆ ಪಟ್ಟೆಯಾಗಿ ಬಣ್ಣ ಹಚ್ಚಿದರು. ಬೀರಣ್ಣ ಮೈ ತೊಳೆದುಕೊಂಡು ಕಾಯಿ, ಊದಿನಕಡ್ಡಿ ತರಲು ಊರೊಳಗೆ ಬಂದ. ರಾಮವ್ವ ಹೋಳಿಗೆ ಎಡೆ ತಟ್ಟೆಯಲ್ಲಿ ಜೋಡಿಸಿ, ಹಬ್ಬದ ದಿನ ಹುಳಕ್ಕೂ ಸಕ್ಕರೆ ನೀರು ಇಡೋಣವೆಂದು ಪೆಟ್ಟಿಗೆಯ ಹತ್ತಿರ ಹೋದಳು.

ರಜೆಯ ದಿನವಾದ್ದರಿಂದ ನಾನು ತೋಟದ ಬಾವಿಯ ಹತ್ತಿರ ಇದ್ದೆ. ಕೂಗು ಕೇಳಿತು. ರಾಮವ್ವ ಮುಖ ಮುಚ್ಚಿಕೊಂಡು ನಿಂಬೆ ಮುಳ್ಳಿನ ನಡುವೆ ಓಡಿ ಬರುತ್ತಿದ್ದಳು. ಅವಳ ಎರಡೂ ಕೈ ಕಾಣುತ್ತಿರಲಿಲ್ಲ, ಅಷ್ಟು ಹುಳ. ಪಂಪು ಮನೆಯಲ್ಲಿದ್ದ ಕಂಬಳಿ ಎಳೆದು ಅವಳ ಮೇಲೆ ಹೊದಿಸಿ ಒಳಗೆ ತಳ್ಳಿ ಬಾಗಿಲು ಹಾಕಿಕೊಂಡೆ. ನೋಡ ನೋಡುತ್ತ ಅವಳ ತುಟಿ ಊದಿತು, ಕಣ್ಣು ಮುಚ್ಚಿಹೋಯಿತು, ಉಸಿರು ಸಿಳ್ಳೆಯಂತೆ ಬರತೊಡಗಿತು. ನನ್ನ ಗಂಡ ಶ್ರೀಶೈಲ ಗಾಡಿ ತಂದರು. ಇಂಡಿಯ ದವಾಖಾನೆ ಮುಟ್ಟುವಷ್ಟರಲ್ಲಿ ಅವಳಿಗೆ ಪ್ರಜ್ಞೆ ಇರಲಿಲ್ಲ.

ಜೀವ ಉಳಿಯಿತು. ಡಾಕ್ಟರು ಎಚ್ಚರಿಕೆಯನ್ನೂ ಕೊಟ್ಟರು: ಇವಳ ಮೈಗೆ ಈಗ ಜೇನಿನ ವಿಷ ಒಗ್ಗುವುದಿಲ್ಲ, ಮುಂದೆ ಒಂದೇ ಹುಳ ಕಡಿದರೂ ಕಷ್ಟ. ಅದಕ್ಕೇ ಅವಳನ್ನು ತೋಟದ ಗುಡಿಸಲಿಗೆ ಕಳಿಸದೆ ನಮ್ಮ ಹಿತ್ತಲ ಖೋಲಿಯಲ್ಲಿ ಇರಿಸಿಕೊಂಡೆ. ಬೀರಣ್ಣ ತೋಟದಲ್ಲಿ ಒಬ್ಬನೇ ಉಳಿದ.

ದವಾಖಾನೆಯಿಂದ ಬಂದ ಮೇಲೆ ಶುರುವಾಯಿತು ನಿಜವಾದ ಸಂಕಟ. ಮೊದಲು ಯಾರು ಅಂದರೋ ಗೊತ್ತಿಲ್ಲ. ಚಹಾದಂಗಡಿಯಲ್ಲಿ ಯಾವನೋ ನಗುತ್ತಲೇ ಅಂದನಂತೆ: “ಬೀರಣ್ಣಾ, ನಿನ್ನ ಹುಳ ಖೋಟಾ ಮಂದೀನ ಬಿಡಂಗಿಲ್ಲ ಅಂತಿದ್ದಿ. ಈಗ ಏನಂತಿ?” ನಗು ಅಲ್ಲೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ನೀರಿನ ನಳದ ಹತ್ತಿರ ಹೆಂಗಸರು ಪಿಸುಗುಟ್ಟಿದರು. ಇಷ್ಟು ವರ್ಷ ಕಡಿಯದ ಹುಳ, ಗಂಡ ಊರೊಳಗೆ ಹೋದ ಹೊತ್ತಿಗೇ ಯಾಕೆ ಕಡಿಯಿತು? ಅವನಿಗೆ ಒಂದೂ ಕಡಿಯದೆ ಅವಳಿಗೇ ಯಾಕೆ? ತೋಟದಲ್ಲಿ ಅವಳೊಬ್ಬಳೇ ಇದ್ದಾಗ ಯಾರು ಬಂದು ಹೋಗುತ್ತಿದ್ದರು? ಇಲ್ಲದ ಮನುಷ್ಯನೊಬ್ಬನನ್ನು ಊರು ತಾನೇ ಹುಟ್ಟಿಸಿ ತೋಟಕ್ಕೆ ಕಳಿಸಿತು. ಮೂಗು ಮುರಿಯುವವರ ಮುಂದೆ ನಾನು ಬಾಯಿ ಮಾಡಿದೆ, ಬೈದೆ. “ನಿಮಗ್ಯಾಕ್ರಿ ಅಕ್ಕೋರೆ, ಅದು ಅವ್ರ ಮನಿ ಮಾತು” ಎಂದು ನನ್ನ ಬಾಯಿ ಮುಚ್ಚಿಸಿದರು.

ಸುದ್ದಿ ಯಂಕಂಚಿಗೂ ಹೋಯಿತು. ಬೀರಣ್ಣನ ಚಿಕ್ಕಪ್ಪ ಹಣಮಂತ್ರಾಯ ಮನೆತನದ ಹಿರಿಯ. ಅವನು ಫೋನಿನಲ್ಲೇ ತೀರ್ಮಾನ ಕೊಟ್ಟ: ಭಂಡಾರ ಮುಟ್ಟಿಸು. ಮುಟ್ಟಿ ತನ್ನಲ್ಲಿ ಖೋಟ ಇಲ್ಲ ಅಂದರೆ ಮುಗಿಯಿತು. ಮುಟ್ಟದಿದ್ದರೆ ಬರುವ ಅಮಾವಾಸ್ಯೆಯೊಳಗೆ ತಂಗಡಗಿಗೆ ಬಿಟ್ಟು ಬಾ. ಭಂಡಾರ ಎಂದರೆ ಬೀರದೇವರ ಗುಡಿಯ ಅರಿಶಿನ ಪುಡಿ. ಆ ಮನೆತನದವರಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಅದನ್ನು ಮುಟ್ಟಿ ಸುಳ್ಳು ಹೇಳಿದವರ ವಂಶ ಉಳಿಯುವುದಿಲ್ಲ ಎಂದು ನಂಬುತ್ತಾರೆ.

ಬೀರಣ್ಣ ಭಂಡಾರದ ಗಂಟು ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬಂದ. ನಾನು ಬಟ್ಟೆ ಒಣಹಾಕುತ್ತಿದ್ದೆ. ರಾಮವ್ವನ ಕೈ ಇನ್ನೂ ಊದಿಕೊಂಡಿತ್ತು.

“ಇದನ್ನ ಮುಟ್ಟಿ ಒಂದ ಮಾತ ಹೇಳಿಬಿಡು” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. “ಮಂದಿ ಬಾಯಿ ಮುಚ್ಚಬೇಕಲ್ಲ.”

“ಮಂದಿ ಬಾಯಿ ಬಿಡ್ರಿ. ನಿಮಗೇನ ಅನಸೇತಿ?”

ಬೀರಣ್ಣ ನೆಲ ನೋಡಿದ. “ಹುಳ ಸುಮ್ಮ ಸುಮ್ಮನ ಕಡಿಯಂಗಿಲ್ಲಲ್ಲ ರಾಮಿ.”

ರಾಮವ್ವ ಊದಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಹಂಗಾದ್ರ ನಾ ಮುಟ್ಟಂಗಿಲ್ಲ” ಅಂದಳು. ಅವನು ಗಂಟನ್ನು ಖೋಲಿಯ ಗೋಡೆಯ ಮಾಡದಲ್ಲಿಟ್ಟು ಹೊರಟುಹೋದ. ಅಂದಿನಿಂದ ಅವಳು ಮಾಡಿ ಕಳಿಸಿದ ರೊಟ್ಟಿಯ ಗಂಟು ಬಿಚ್ಚದೆ ವಾಪಸು ಬರತೊಡಗಿತು.

ಮುಟ್ಟಲಿಲ್ಲ ಎಂಬುದೇ ಊರಿಗೆ ಸಾಕ್ಷಿಯಾಯಿತು. ನಾನೂ ಅವಳ ಬೆನ್ನು ಬಿದ್ದೆ. ಖರೆ ಇದ್ದವಳು ಮುಟ್ಟಿದರೆ ಏನಾಗುತ್ತದೆ, ಒಂದು ಮಾತಿಗೆ ಸಂಸಾರ ಯಾಕೆ ಹಾಳು ಮಾಡಿಕೊಳ್ಳುತ್ತೀ ಎಂದು ಕೇಳಿದೆ. ಅವಳು “ಅಕ್ಕೋರೆ, ಶ್ರೀಶೈಲ ಸರ್ ನಿಮಗ ಹಿಂಗ ಭಂಡಾರ ಮುಟ್ಟಂದಿದ್ರ ನೀವು ಮುಟ್ಟತಿದ್ರೇನು?” ಎಂದು ಕೇಳಿದಳು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು, ಅವಳು ತನ್ನ ಎರಡು ಸೀರೆಗಳನ್ನು ಮಡಚಿ ಚೀಲದ ಹತ್ತಿರ ಇಟ್ಟುಕೊಂಡಿದ್ದಳು.

ಒಂದು ದಿನ ಅವಳ ಬಟ್ಟೆಬರೆ ತರಲು ತೋಟದ ಗುಡಿಸಲಿಗೆ ಹೋದೆ. ಬೀರಣ್ಣ ಇರಲಿಲ್ಲ. ಬಾಗಿಲ ಪಕ್ಕ ಬಣ್ಣದ ಡಬ್ಬಿಗಳು, ಆ ತಿನ್ನರ್ ಬಾಟಲಿ, ಕೆಂಪು ಕಲೆಯ ಒಂದು ಚಿಂದಿ ಬಿದ್ದಿದ್ದವು. ಕಾಲಿಗೆ ತಾಗಿ ಬಾಟಲಿ ಉರುಳಿತು, ಬೂಚು ಸಡಿಲವಿದ್ದುದರಿಂದ ನಾಲ್ಕು ಹನಿ ಚೆಲ್ಲಿತು. ಗಮ್ಮೆಂದು ಬಾಳೆಹಣ್ಣಿನ ವಾಸನೆ ಬಂತು. ತೀರಾ ಕಳಿತ ಬಾಳೆಹಣ್ಣು, ಜೊತೆಗೆ ಮೂಗು ಕೊರೆಯುವ ಘಾಟು.

ಆ ವಾಸನೆ ನನಗೆ ಹೊಸದಲ್ಲ. ಹತ್ತನೆಯ ತರಗತಿಯಲ್ಲಿ ಎಸ್ಟರ್ ಪಾಠ ಬಂದಾಗ ನಾನು ಒಂದು ಬಗೆಯ ಮದ್ಯಸಾರವನ್ನು ವಿನೆಗರಿನ ಆಮ್ಲದ ಜೊತೆ ಕೂಡಿಸಿ, ಒಂದು ಹನಿ ಗಂಧಕಾಮ್ಲ ಹಾಕಿ ಬಿಸಿ ಮಾಡಿ ತೋರಿಸುತ್ತೇನೆ. ಕೋಣೆ ತುಂಬ ಬಾಳೆಹಣ್ಣಿನ ವಾಸನೆ ಹರಡುತ್ತದೆ, ಬಾಳೆಹಣ್ಣು ಮಾತ್ರ ಎಲ್ಲೂ ಇರುವುದಿಲ್ಲ. ವರ್ಷಕ್ಕೊಮ್ಮೆ ಮಕ್ಕಳು ನನ್ನ ಪಾಠಕ್ಕೆ ಚಪ್ಪಾಳೆ ತಟ್ಟುವುದು ಅದೊಂದೇ ದಿನ. ಐಸೊಅಮೈಲ್ ಅಸಿಟೇಟ್ ಎಂದು ಅದರ ಹೆಸರು. ಬಾಳೆಹಣ್ಣು ಮಾಗುವಾಗ ತಾನೇ ಮಾಡಿಕೊಳ್ಳುತ್ತದೆ. ಹುಳಿ ಬರುವ ಕಳ್ಳಿನಲ್ಲೂ ಸ್ವಲ್ಪ ಹುಟ್ಟುತ್ತದೆ. ಕಾರ್ಖಾನೆಯಲ್ಲಿ ಮಾಡಿದ್ದನ್ನು ಬಾಳೆಹಣ್ಣಿನ ರುಚಿಯ ಐಸ್‌ಕ್ಯಾಂಡಿಗೆ, ಪೆಪ್ಪರ್‌ಮಿಂಟಿಗೆ ಹನಿಯಷ್ಟು ಹಾಕುತ್ತಾರೆ. ಬಣ್ಣ, ಅರಗು ಕರಗಿಸುವ ಗುಣ ಇರುವುದರಿಂದ ಕಟ್ಟಿಗೆ ಪಾಲಿಶಿಗೂ ಉಗುರು ಬಣ್ಣಕ್ಕೂ ಬೆರೆಸುತ್ತಾರೆ. ಇಷ್ಟು ನನಗೆ ಬಾಯಿಪಾಠ. ಇದಕ್ಕೂ ಜೇನಿಗೂ ಏನು ಸಂಬಂಧ ಎಂಬುದು ಪಠ್ಯದಲ್ಲಿ ಇರಲಿಲ್ಲ. ಆದರೂ ಆ ಚಿಂದಿಯನ್ನು ನೋಡಿ, ಈ ವಾಸನೆ ಅವತ್ತು ಯಾರ ಕೈಗೆ ಹತ್ತಿತ್ತೋ ಎಂದು ಮನಸ್ಸು ತಡೆಯಲಿಲ್ಲ. ಮನೆಗೆ ಬಂದು ರಾಮವ್ವನನ್ನು ಕೇಳಿದೆ.

“ಹಬ್ಬದ ದಿನ ಕೈಗೆ ಬಣ್ಣ ಹತ್ತಿತ್ತಲ್ಲ, ಅದನ್ನ ಹೆಂಗ ತೆಗೆದಿ?”

“ನೀರಿಗೆ ಹೋಗಲಿಲ್ರಿ. ದೇವರ ಎಡಿ ಮುಟ್ಟೋ ಕೈ, ಬಣ್ಣ ಇರಬಾರ್ದಂತ ನಬಿಲಾಲಣ್ಣನ ಬಾಟ್ಲ್ಯಾಗಿಂದು ಚಿಂದಿಗೆ ಹಾಕ್ಕೊಂಡು ಮೊಳಕೈ ಮಟ ತಿಕ್ಕೊಂಡೆ. ಯಾಕ್ರಿ?”

“ಬೀರಣ್ಣ?”

“ಅವ್ರು ಸೀಮಿಎಣ್ಣಿ ಹಚ್ಚಿ, ಸಬಕಾರ ಹಾಕಿ ತೊಳಕೊಂಡು ಊರಾಗ ಬಂದ್ರಲ್ಲ.”

ಜೇನು ತರಬೇತಿ ಕೊಟ್ಟ ರಾಜೇಶ್ವರಿ ಮೇಡಮ್ ಅವರ ನಂಬರು ರಾಮವ್ವನ ಫೋನಿನಲ್ಲಿತ್ತು. ಹೊರಗೆ ಹೋಗಿ ಮಾತಾಡಿದೆ. ನಾನು ಪೂರ್ತಿ ಹೇಳುವ ಮೊದಲೇ ಆ ಹೆಂಗಸು “ಅಯ್ಯೋ ದೇವರೇ” ಎಂದರು. ಬಾಳೆಹಣ್ಣು ತಿಂದು ಪೆಟ್ಟಿಗೆ ಹತ್ತಿರ ಹೋಗಬೇಡಿ ಎಂದು ತರಬೇತಿಯಲ್ಲೇ ಹೇಳುತ್ತೇವಲ್ಲ, ಅದು ಇದೇ ಕಾರಣಕ್ಕೆ ಎಂದರು. ಜೇನುಹುಳ ಕಡಿದಾಗ ಅದರ ಕೊಂಡಿಯ ಬುಡದಿಂದ ಒಂದು ವಾಸನೆ ಹೊರಡುತ್ತದೆ. ‘ಇಲ್ಲಿ ಶತ್ರು ಇದ್ದಾನೆ, ಬನ್ನಿ’ ಎಂದು ಉಳಿದ ಹುಳಗಳಿಗೆ ಕೂಗುವ ವಾಸನೆ ಅದು. ಅದರಲ್ಲಿ ಮುಖ್ಯವಾಗಿ ಇರುವುದು ಇದೇ ಐಸೊಅಮೈಲ್ ಅಸಿಟೇಟ್. ರಾಮವ್ವ ಆ ಕೂಗನ್ನು ಮೊಳಕೈವರೆಗೆ ಸವರಿಕೊಂಡು ಮುಚ್ಚಳ ತೆಗೆದಿದ್ದಳು. ಒಂದು ಕಡಿದ ಮೇಲೆ ಅದರ ವಾಸನೆಗೆ ಇನ್ನೊಂದು, ಅದರ ವಾಸನೆಗೆ ಮತ್ತೊಂದು. ತರಬೇತಿಯಲ್ಲಿ ತಿನ್ನುವ ಬಾಳೆಹಣ್ಣಿನ ಮಾತು ಬಂದಿತ್ತೇ ಹೊರತು ಪಾಲಿಶ್ ಬಾಟಲಿಯ ಮಾತು ಯಾರೂ ಎತ್ತಿರಲಿಲ್ಲ. ಜೇನು ಪೆಟ್ಟಿಗೆಗೆ ಕಾರಹುಣ್ಣಿಮೆ ಮಾಡುವವನು ಒಬ್ಬ ಇರುತ್ತಾನೆ ಎಂದು ಯಾರಿಗೆ ಹೊಳೆಯಬೇಕು?

ನನಗೆ ಸಂತೋಷವೂ ಅಳುವೂ ಒಟ್ಟಿಗೇ ಬಂದವು. ಕೈ ಮಡಿ ಇರಲೆಂದು ತಿಕ್ಕಿ ತಿಕ್ಕಿ ತೊಳೆದವಳನ್ನು ಮೈಲಿಗೆಯವಳು ಎಂದು ಊರು ಆಡಿಕೊಂಡಿತ್ತು. ನೇರ ತೋಟಕ್ಕೆ ಹೋಗಿ ಬೀರಣ್ಣನ ಕೈಯಲ್ಲಿ ಬಾಟಲಿ ಕೊಟ್ಟು ಮೂಸಿ ನೋಡೆಂದೆ, ಎಲ್ಲ ಬಿಡಿಸಿ ಹೇಳಿದೆ. ಅವನು ಮೊದಲು ನಂಬಲಿಲ್ಲ. ರಾಜೇಶ್ವರಿ ಮೇಡಮ್ ಅವರಿಗೆ ತಾನೇ ಫೋನ್ ಹಚ್ಚಿ ಕೇಳಿದ. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬಾಟಲಿ ಹಿಡಿದುಕೊಂಡೇ ಚಹಾದಂಗಡಿಗೆ ಓಡಿದ. ನಬಿಲಾಲ ಪಾಪ, ತನ್ನ ಬಾಟಲಿಯಿಂದ ಇಷ್ಟಾಯಿತೇ ಎಂದು ತಲೆ ಹಿಡಿದು ಕೂತ. ಊರು “ಹೌದೇನು, ಹಂಗೇನು” ಎಂದು ಬೇರೆ ಮಾತಿಗೆ ಹೊರಳಿತು. ಹಣಮಂತ್ರಾಯನೂ ಫೋನಿನಲ್ಲಿ “ಹಂಗಾದ್ರ ಕರಕೊಂಡ ಬಾ” ಅಂದನಂತೆ.

ಬೀರಣ್ಣ ಮದುವೆಗೆ ಹೊರಟವನ ಹಾಗೆ ನಗುನಗುತ್ತ ನಮ್ಮ ಹಿತ್ತಲಿಗೆ ಬಂದ. ನಾನೂ ಹಿಂದೆಯೇ ಹೋದೆ. ರಾಮವ್ವ ಖೋಲಿಯ ಬಾಗಿಲಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತ ಕೂತಿದ್ದಳು.

“ನಿಂದೇನೂ ತಪ್ಪಿಲ್ಲಂತ ಸಾಬೀತಾತು ರಾಮಿ. ಎಲ್ಲಾ ಈ ಬಾಟ್ಲಿ ವಾಸನಿದು. ಅಕ್ಕೋರು ಹೇಳ್ಯಾರ, ಮೇಡಮ್ನೋರೂ ಹೇಳ್ಯಾರ. ಭಂಡಾರ ಮುಟ್ಟೂದೂ ಬ್ಯಾಡ ಇನ್ನ. ನಡಿ, ಯಂಕಂಚಿಗೆ ಹೋಗೂಣು.”

ಅವಳು ತಲೆ ಎತ್ತಲಿಲ್ಲ. “ಅಕ್ಕೋರ ಮೂಗಿಗೆ ಈ ವಾಸನಿ ಬರಲಿಲ್ಲಂದ್ರ?”

“ಬಂತಲ್ಲ ಈಗ.”

“ಬರಲಿಲ್ಲಂದ್ರ ಅಂತ ಕೇಳೇನ್ರಿ.”

ಬೀರಣ್ಣ ನನ್ನ ಮುಖ ನೋಡಿದ.

“ಹುಳಕ್ಕ ವಾಸನಿ ಬಂತು, ಕಡದ್ವು. ಅವು ನನ್ನ ಗುರುತ ಹಿಡಿಯಲಿಲ್ಲ, ಇರಲಿ. ನಿಮಗ ಯಾವ ವಾಸನಿ ಬಂದಿತ್ರಿ?”

ಅವಳು ಎದ್ದು, ಮಾಡದಲ್ಲಿದ್ದ ಗಂಟು ತಂದು ಅವನ ಮುಂದೆ ಬಿಚ್ಚಿಟ್ಟಳು. ಅರಿಶಿನದ ಪುಡಿ ಹೊಸ್ತಿಲ ಮೇಲೂ ಸ್ವಲ್ಪ ಚೆಲ್ಲಿತು.

“ಈಗ ನೀವು ಮುಟ್ರಿ. ಈ ಬಾಟ್ಲಿ ಸಿಗಲಿಲ್ಲಂದ್ರೂ ನಿನ್ನ ನಂಬತಿದ್ದೆ ಅಂತ ಒಂದ ಮಾತ ಹೇಳ್ರಿ. ನಾ ಈಗಿಂದೀಗ ಚೀಲಾ ಹಿಡಕೊಂಡು ನಿಮ್ಮ ಹಿಂದ ಬರತೇನಿ.”

ಬೀರಣ್ಣ ಹೊಸ್ತಿಲ ಮುಂದೆ ಕೂತು ಕೈ ಚಾಚಿದ. ಅವನ ಬೆರಳುಗಳು ಭಂಡಾರದ ಮೇಲೆ ಬಂದು ನಿಂತವು. ಬೀರದೇವರ ಮುಂದೆ ಸುಳ್ಳು ಹೇಳುವ ಮನುಷ್ಯ ಅವನಲ್ಲ, ಅಷ್ಟನ್ನು ಮಾತ್ರ ನಾನು ಅವನ ಪರವಾಗಿ ಹೇಳಬಲ್ಲೆ. ಅವನು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ರಾಮವ್ವ ಚೆಲ್ಲಿದ ಪುಡಿಯನ್ನು ಬೆರಳಿನಿಂದ ಬಳಿದು ಗಂಟಿಗೆ ಹಾಕಿ, ಕಟ್ಟಿ, ಅವನ ಮಡಿಲಲ್ಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ತಂಗಡಗಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.